ಚಾಕ್‌ಪೀಸಿನ ಲಿಫ್ಟು

ದುಬೈಯಲ್ಲಿ ಹದಿನೆಂಟು ವರ್ಷ ಲಿಫ್ಟ್ ಕೂರಿಸಿದ ಮೋಹನದಾಸರಿಗೆ ಒಂದು ಕೊರಗು ಉಳಿದಿತ್ತು. ಅಷ್ಟೆತ್ತರದ ಕಟ್ಟಡಗಳಲ್ಲಿ ತಾನು ಕೂರಿಸಿದ ಲಿಫ್ಟನ್ನು ಯಾರು ಹತ್ತಿದರು, ಮೇಲೆ ಹೋಗಿ ಎಂತ ಮಾಡಿದರು, ಒಂದೂ ಗೊತ್ತಿಲ್ಲ. ಊರಿಗೆ ಮರಳಿ ಮನೆಗಳಿಗೆ ಲಿಫ್ಟ್ ಹಾಕಲು ಶುರುಮಾಡಿದ ಮೇಲೆ ಅದನ್ನು ತೀರಿಸಿಕೊಳ್ಳತೊಡಗಿದರು. ಹೋದ ಮನೆಯಲ್ಲಿ ಮೊದಲು ನೆಲದ ಮೇಲೆ ಚಾಕ್‌ಪೀಸಿನಲ್ಲಿ ಲಿಫ್ಟಿನಷ್ಟೇ ಅಗಲದ ಚೌಕ ಬರೆಯುವುದು, ಹತ್ತುವವರನ್ನು ಅದರೊಳಗೆ ನಿಲ್ಲಿಸುವುದು, ಕೈಗಡಿಯಾರ ನೋಡುತ್ತಾ ಅದೊಂದೇ ಪ್ರಶ್ನೆ ಕೇಳುವುದು.

ಉರ್ವದ ವಾರಿಜಾಕ್ಷಿ ಟೀಚರ್ ಮೂವತ್ತು ವರ್ಷ ಗಣಿತ ಕಲಿಸಿದವರು. ಮೊಣಕಾಲು ಕೈಕೊಟ್ಟು ಎರಡು ವರ್ಷದಿಂದ ಕೆಳಗಿನ ಚಾವಡಿಯಲ್ಲೇ ಮಲಗುತ್ತಿದ್ದರು. ಮೊದಲ ಮಹಡಿಯ ಅವರ ಕೋಣೆಯವರೆಗೆ ಲಿಫ್ಟ್ ಹಾಕಿಸಲು ಹೊರಟವಳು ಮಗಳು ವಿಭಾ.

ಟೀಚರ್ ವಾಕರ್ ಹಿಡಿದು ಚೌಕದೊಳಗೆ ನಿಂತರು.

“ಹೊರಟಿತು,” ಎಂದರು ಮೋಹನದಾಸರು. “ಇಪ್ಪತ್ತೈದು ಸೆಕೆಂಡ್. ಮೇಲೆ ಹೋಗಿ ಎಂತ ಮಾಡ್ತೀರಿ?”

“ಕೋಣೆಯಲ್ಲಿ ಎಸಿ, ಟಿವಿ ಎಲ್ಲ ಉಂಟಲ್ಲ,” ಎಂದಳು ವಿಭಾ.

“ನಿಮ್ಮಲ್ಲಿ ಕೇಳಿದ್ದಲ್ಲ ಅಕ್ಕ.”

“ನನಗೆ ಕೋಣೆ ಬೇಡ,” ಟೀಚರ್ ಹೇಳಿದರು. “ತಾರಸಿ ಬೇಕು. ಎರಡು ವರ್ಷದಿಂದ ಹಲಸಿನ ಹಪ್ಪಳ ಒಣಗಿಸುವುದು ಇವಳು. ಬೆಳಿಗ್ಗೆ ಹರವಿದರೆ ಸಂಜೆಯೇ ತೆಗೆಯುವುದು, ನಡುವೆ ಮಗುಚುವುದಿಲ್ಲ. ಎಣ್ಣೆಗೆ ಹಾಕಿದರೆ ಅರಳುವುದೇ ಇಲ್ಲ.”

“ನನಗೆ ಆಫೀಸ್ ಉಂಟಲ್ಲ ಅಮ್ಮ.”

“ಹಪ್ಪಳಕ್ಕೆ ಅದು ಗೊತ್ತಿಲ್ಲ.”

ಮೋಹನದಾಸರು ತಾರಸಿ ಹತ್ತಿ ನೋಡಿ ಬಂದರು. ಲಿಫ್ಟ್ ಅಲ್ಲಿಗೂ ಹೋದೀತು. ಆದರೆ ನಮ್ಮ ಮಳೆಗಾಲ ಗೊತ್ತಲ್ಲ, ಬಾಗಿಲಿಗೆ ನಾಲ್ಕು ಇಂಚಿನ ಹೊಸ್ತಿಲು ಇಡದಿದ್ದರೆ ತಾರಸಿಯ ನೀರೆಲ್ಲ ಲಿಫ್ಟಿನ ಗುಂಡಿಗೆ. ಇಟ್ಟರೆ ವಾಕರ್ ದಾಟುವುದಿಲ್ಲ. ಹೊರಬದಿಗೆ ಇಳಿಜಾರು ಕಟ್ಟಬಹುದು, ಮರಳುವಾಗ ಟೀಚರಿಗೆ ಹತ್ತಲು ಆಗಬೇಕಷ್ಟೆ.

ನೋಡಿಯೇ ಬಿಡುವ ಎಂದು ಅಂಗಳದಲ್ಲಿ ಹಲಗೆಯೊಂದರ ತುದಿಯನ್ನು ನಾಲ್ಕು ಇಂಚು ಎತ್ತರದ ಕಲ್ಲಿನ ಮೇಲಿಟ್ಟರು. ಟೀಚರ್ ಎರಡು ಹೆಜ್ಜೆ ಹತ್ತುವಷ್ಟರಲ್ಲಿ ವಾಕರ್ ಹಿಂದಕ್ಕೆ ಜಾರಿತು. ವಿಭಾ ಓಡಿ ಬಂದು ಹಿಡಿದುಕೊಂಡಳು.

“ಸಾಕಮ್ಮ. ಮೋಹನಣ್ಣ, ಒಂದೇ ಮಹಡಿಗೆ ಮಾಡಿ.”

ಟೀಚರ್ ಹಲಗೆಯನ್ನೇ ನೋಡುತ್ತಿದ್ದರು. “ಇದು ಎಷ್ಟು ಉದ್ದ?”

“ಎರಡು ಅಡಿ.”

“ನಾಲ್ಕು ಇಂಚು ಎತ್ತರಕ್ಕೆ ಎರಡೇ ಅಡಿಯಾ? ಆರು ಇಂಚು ಉದ್ದಕ್ಕೆ ಒಂದು ಇಂಚು ಏರಾಯಿತು. ಆಡು ಹತ್ತೀತು. ಹನ್ನೆರಡಕ್ಕೆ ಒಂದು ಮಾಡಿ.”

ಮೋಹನದಾಸರು ನಕ್ಕು, ಹಿತ್ತಿಲಿನಿಂದ ನಾಲ್ಕು ಅಡಿಯ ಹಲಗೆ ಹುಡುಕಿ ತಂದರು. ಟೀಚರ್ ಸೆರಗು ಸಿಕ್ಕಿಸಿಕೊಂಡು ಹತ್ತಿದರು. ತುದಿಯಲ್ಲಿ ಉಸಿರು ತೆಗೆದುಕೊಂಡು ಇಳಿದರು. ಮತ್ತೊಮ್ಮೆ ಹತ್ತಿದರು. ವಿಭಾ ಕೈ ಚಾಚಿಕೊಂಡೇ ಇದ್ದಳು, ಹಿಡಿಯುವ ಪ್ರಮೇಯ ಬರಲಿಲ್ಲ.

“ತಾರಸಿಗೂ ಬರೆದುಕೊಳ್ಳಿ ಮೋಹನಣ್ಣ,” ಎಂದಳು.

ಏಪ್ರಿಲ್‌ನಲ್ಲಿ ಲಿಫ್ಟ್ ಓಡಿತು. ಕೆಲಸ ಮುಗಿದಿದ್ದರೂ ಮೋಹನದಾಸರು ಟೀಚರ ಹಿಂದೆಯೇ ತಾರಸಿಗೆ ಹೋಗಿ ನಿಂತರು. ಟೀಚರ್ ಇಳಿಜಾರು ಇಳಿದು, ಕುರ್ಚಿಯಲ್ಲಿ ಕೂತು, ಪಕ್ಕದ ಮಂಚದ ಮೇಲೆ ಚಾಪೆಯಲ್ಲಿ ಹರವಿದ್ದ ಹಪ್ಪಳ ಒಂದೊಂದೇ ಮಗುಚತೊಡಗಿದರು. ಅಂಚು ಒತ್ತಿ ನೋಡುವುದು, ಮೂಸುವುದು, ದಪ್ಪಗಾದದ್ದನ್ನು ಬಿಸಿಲಿನ ಕಡೆಗೆ ಸರಿಸುವುದು. ಹೀಗೂ ಉಂಟಾ ಎಂದು ಮೋಹನದಾಸರು ಬಗ್ಗಿ ಬಗ್ಗಿ ನೋಡಿದರು.

“ಮೋಹನದಾಸರೇ,” ಟೀಚರ್ ತಲೆ ಎತ್ತದೆ ಹೇಳಿದರು, “ನಿಮ್ಮ ನೆರಳು ಹಪ್ಪಳಕ್ಕೆ ಬೀಳ್ತಾ ಉಂಟು. ಸ್ವಲ್ಪ ಆಚೆ ನಿಲ್ಲಿ.”