ಮೆಹಬೂಬಸಾಬನ ಫಿಯಾಟ್

ಕಾಗದದ ಮೇಲೆ ಆ ಬಿಳಿ ಫಿಯಾಟ್ ಬೈಲಹೊಂಗಲದ ಹತ್ತಿ ವ್ಯಾಪಾರಿ ವಿರೂಪಾಕ್ಷನದು. ಡ್ರೈವರ್ ಮೆಹಬೂಬಸಾಬ ಕಾಗದಕ್ಕೆ ಬೆಲೆ ಕೊಟ್ಟವನಲ್ಲ. ಲಾರಿಯಲ್ಲಿ ಏಳು ವರ್ಷ ಕ್ಲೀನರಾಗಿ, ಒಂಬತ್ತು ವರ್ಷ ಡ್ರೈವರಾಗಿ ಸವೆದು, ತೊಂಬತ್ತೊಂದರಲ್ಲಿ ಈ ಗಾಡಿ ಬಂದ ದಿನವೇ ಅದರ ಸ್ಟೇರಿಂಗ್ ಹಿಡಿದವನು. ಹನ್ನೆರಡು ವರ್ಷ ಇನ್ನೊಬ್ಬರಿಗೆ ಓಡಿಸಲು ಬಿಟ್ಟಿರಲಿಲ್ಲ, ತೊಳೆಯಲಿಕ್ಕೂ ಬಿಟ್ಟಿರಲಿಲ್ಲ. ಹೆಂಡತಿ ಶಾಹಜಾನಬಿ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು.

2003ರ ಡಿಸೆಂಬರಿನಲ್ಲಿ ವಿರೂಪಾಕ್ಷ ಬೆಳಗಾವಿ ಕಡೆಯ ಒಂದು ಫಿಯಾಟ್ ಕ್ಲಬ್ಬಿಗೆ ಸೇರಿದ. ಕ್ಲಬ್ಬಿನ ಪ್ರವಾಸ ಹೀಗಿತ್ತು: ಶನಿವಾರ ಒಂಬತ್ತು ಗಾಡಿ ಹೊರಟು ಸವದತ್ತಿಯ ಹತ್ತಿರ ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿ ಡೇರೆ ಹಾಕುವುದು. ಭಾನುವಾರ ಎಲ್ಲಮ್ಮನ ಗುಡ್ಡ ಹತ್ತಿ ಇಳಿದು, ಕಟಕೋಳದ ಮೇಲೆ ರಾಮದುರ್ಗಕ್ಕೆ ಹೋಗುವುದು. ಕ್ಲಬ್ಬಿನ ಕಾನೂನು ಒಂದೇ: ಗಾಡಿಯನ್ನು ಮಾಲೀಕನೇ ಓಡಿಸಬೇಕು. ಹೆಂಡತಿ ಮಕ್ಕಳು ಗಾಡಿಯಲ್ಲಿ, ಡ್ರೈವರುಗಳು ಡೇರೆ, ಪಾತ್ರೆಗಳ ಜೊತೆ ಟೆಂಪೋದಲ್ಲಿ ಬರಬಹುದು. ವರ್ಷವಿಡೀ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆದವರಿಗೆ ಎರಡು ದಿನದ ಶೋಕಿ.

ಟೆಂಪೋದಲ್ಲಿ ಅಡುಗೆಯ ದುರ್ಗಪ್ಪ ಮೆಹಬೂಬಸಾಬನನ್ನು ಕೆಣಕಿದ. “ಏನ್ರಿ ಸಾಬ್ರ, ನಿಮ್ಮ ಎರಡನೇದಾಕಿ ಸಾವ್ಕಾರ್ರ ಕೂಡ ಹೊಂಟಾಳಲ್ರಿ.”

“ಸುಮ್ಮ ಕುಂದ್ರೊ. ಕ್ಲಚ್ ಹೆಂಗ ಬಿಡಾಕತ್ತಾರ ನೋಡು. ಗಾಡಿ ಅಳಾಕತ್ತೈತಿ.”

“ಗಾಡಿ ಅಳವಲ್ದು ಬಿಡ್ರಿ. ನೀವ ಅಳಾಕತ್ತೀರಿ.”

ದಂಡೆಯಲ್ಲಿ ಚಹಾ ಹಂಚುವಾಗ ಮೆಹಬೂಬಸಾಬನಿಗೆ ಇನ್ನೂ ಉರಿಯಿತು. ಕ್ಲಬ್ಬಿನ ಅಧ್ಯಕ್ಷ ಅಂದಾನೆಪ್ಪ ಫಿಯಾಟಿನ ಬಾನೆಟ್ ಸವರಿ, “ಎಂಜಿನ್ ಏನ್ ಇಟ್ಟೀರಿ ವಿರೂಪಾಕ್ಷಪ್ಪ, ಹೊಸಾದಿದ್ದಂಗ ಐತಿ” ಎಂದ.

“ಮಗಳನ್ನ ನೋಡಿಕೊಂಡಂಗ ನೋಡಿಕೋತೇನ್ರಿ. ಎಲ್ಲಾ ನನ್ನ ಕೈಲೇ ಮಾಡೂದು.”

ಆ ಮನುಷ್ಯನಿಗೆ ಆಯಿಲ್ ಎಲ್ಲಿ ಹಾಕುತ್ತಾರೆಂಬುದೂ ಗೊತ್ತಿರಲಿಲ್ಲ. ಮೆಹಬೂಬಸಾಬ ಕಪ್ಪುಗಳನ್ನು ಹಿಡಿದು ಮುಂದಿನ ಗಾಡಿಗೆ ನಡೆದ.

ಗಾಡಿಗೊಂದು ರೋಗವಿತ್ತು, ಅದು ಮೆಹಬೂಬಸಾಬನೊಬ್ಬನಿಗೇ ಗೊತ್ತಿತ್ತು. ಬ್ರೇಕಿನೊಳಗಿನ ರಬ್ಬರು ಸವೆದಿತ್ತು. ಬಯಲು ರಸ್ತೆಯಲ್ಲಿ ಏನೂ ಆಗದು. ಉದ್ದದ ಇಳಿಜಾರಿನಲ್ಲಿ ಬಿಸಿಯಾದರೆ ಮಾತ್ರ ಮೊದಲ ತುಳಿತಕ್ಕೆ ಪೆಡಲ್ ಬುಡಕ್ಕೆ ಹೋಗುತ್ತದೆ, ಎರಡನೆಯದಕ್ಕೆ ಹಿಡಿಯುತ್ತದೆ. ಅವನ ಕಾಲಿಗೆ ಅದು ರೂಢಿ. ಅರ್ಧ ದಿನದ ರಿಪೇರಿ, ಅವನು ಮಾಡಿರಲಿಲ್ಲ.

ಭಾನುವಾರ ಗುಡ್ಡದ ಬುಡದಲ್ಲಿ ಗಾಡಿಗಳು ನಿಂತಾಗ ಹೇಳಬಹುದಿತ್ತು. ಹೇಳಲಿಲ್ಲ. ಇಳಿಯುವಾಗ ಒಂದು ತಿರುವಿನಲ್ಲಿ ಸಾವಕಾರನ ಮುಖ ಬಿಳಿಚಬೇಕು, ‘ಮೆಹಬೂಬ, ನೀನ ಹಿಡಿಯೊ’ ಎನ್ನಬೇಕು: ರಾತ್ರಿಯಿಂದ ಈ ಚಿತ್ರವನ್ನೇ ಚಪ್ಪರಿಸುತ್ತಿದ್ದ. ಆ ಚಿತ್ರದಲ್ಲಿ ಹಿಂದಿನ ಸೀಟು ಖಾಲಿಯಿತ್ತು. ಮಾಲೀಕನ ಜಂಬ ಸಣ್ಣ ತಪ್ಪು. ಬ್ರೇಕಿನ ಮಾತು ಮುಚ್ಚಿಟ್ಟಿದ್ದು ಸಣ್ಣದಲ್ಲ.

ಗುಡ್ಡದ ಮೇಲೆ ನಾಷ್ಟಾ ಮುಗಿಯಿತು. ವಿರೂಪಾಕ್ಷನ ಹೆಂಡತಿ ಶೈಲಜಾ ಹಿಂದಿನ ಸೀಟಿನಲ್ಲಿ ಕೂತಳು. ಎಂಟು ವರ್ಷದ ಮಗಳು ಉಮಾಶ್ರೀ ಕಿಟಕಿಯಿಂದ ಎರಡೂ ಕೈ ಹೊರಗೆ ಚಾಚಿದಳು. ಅದನ್ನು ಕಂಡ ಮೆಹಬೂಬಸಾಬ ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಓಡಿಬಂದ.

“ಸಾವ್ಕಾರ್ರ, ಇಳಿಯಾಕ ನಾ ಹಿಡೀತೇನ್ರಿ. ಬಿಸಿ ಆದ್ರ ಬ್ರೇಕ್ ಕುಂದ್ರೂದಿಲ್ರಿ ಇದು.”

ವಿರೂಪಾಕ್ಷ ಅಲ್ಲೇ ತುಳಿದು ನೋಡಿದ. ಪೆಡಲ್ ಗಟ್ಟಿಯಾಗಿತ್ತು. “ಕಲ್ಲಿನಂಗ ಐತಲ್ಲೊ.”

ಪಕ್ಕದ ಗಾಡಿಯಿಂದ ಅಂದಾನೆಪ್ಪ ಹೇಳಿದ: “ನಿಮ್ಮ ಡ್ರೈವರಗ ಹೊಟ್ಟಿಕಿಚ್ಚ ಬಂದೈತ್ರಿ. ನಿನ್ನೆಯಿಂದ ಇವನ ಮಾರಿ ನೋಡಾಕತ್ತೇನಿ.”

ಎಲ್ಲರೂ ನಕ್ಕರು. ಅಂದಾನೆಪ್ಪ ಹೇಳಿದ್ದು ನಿಜವೇ ಆಗಿತ್ತು. ಗಾಡಿ ಚಾಲೂ ಆಯಿತು. ಮೆಹಬೂಬಸಾಬ ಮುಂದೆ ಬಂದು ಬಾನೆಟ್ ಮೇಲೆ ಕೈಯೂರಿ ನಿಂತ.

“ಹೌದ್ರಿ, ಹೊಟ್ಟಿಕಿಚ್ಚ. ಅದಕ್ಕ ಇಷ್ಟ ದಿನ ಹೇಳಿಲ್ಲ. ಎರಡು ವರ್ಷದಿಂದ ಗೊತ್ತೈತಿ ನನಗ. ರಿಪೇರಿ ಆದ್ರ ಯಾರ ಬೇಕಾದ್ರೂ ಓಡಸ್ತಾರ ಅಂತ ಹಂಗ ಬಿಟ್ಟೇನಿ. ಅಕ್ಕಾರ್ನ, ಕೂಸನ್ನ ಮೊದಲ ಇಳಸ್ರಿ.”

ನಗು ನಿಂತಿತು. ಹೊಟ್ಟೆಕಿಚ್ಚಿಗೆ ಸುಳ್ಳು ಹೇಳುವವನು ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಳ್ಳುವುದಿಲ್ಲ ಎಂಬುದು ಅಲ್ಲಿದ್ದ ವ್ಯಾಪಾರಿಗಳಿಗೆ ಚೆನ್ನಾಗಿ ತಿಳಿದಿತ್ತು. ಮೊದಲು ಬಾಗಿಲು ತೆಗೆದವಳು ಶೈಲಜಾ. ಮಗಳನ್ನು ಇಳಿಸಿಕೊಂಡು ಮೆಲ್ಲಗೆ ಅಂದಳು: “ಎರಡು ವರ್ಷ ನಾವು ಇದರಾಗ ತಿರಗೇವಲ್ಲೊ ಮೆಹಬೂಬ.”

ಅವನು ಬಾನೆಟ್ ಮೇಲಿನ ಕೈ ತೆಗೆದ.

ವಿರೂಪಾಕ್ಷ ಕೆಳಗಿಳಿದು ನಿಂತ. “ತಗೊಂಡ ಇಳಿ. ಸವದತ್ತ್ಯಾಗ ಮಾಡಸು.”

ಮೂರನೆಯ ತಿರುವಿನಲ್ಲಿ ಪೆಡಲ್ ಬುಡಕ್ಕೆ ಹೋಯಿತು. ಎರಡನೆಯ ತುಳಿತಕ್ಕೆ ಹಿಡಿಯಿತು, ಎಂದಿನಂತೆ. ಅಂದು ಮಾತ್ರ ಅವನ ಅಂಗಿ ಬೆನ್ನಿಗಂಟಿತು.

ಸವದತ್ತಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಜಹೀರ ಹೊಸ ರಬ್ಬರು ಕೊಟ್ಟ. ಮೆಹಬೂಬಸಾಬ ತಾನೇ ಗಾಡಿಯ ಅಡಿಗೆ ಮಲಗಿ ಹಾಕಿದ, ಬ್ರೇಕಿಗೆ ಎಣ್ಣೆ ತುಂಬಿದ, ಅದರ ಪೈಪಿನೊಳಗಿನ ಗಾಳಿ ತೆಗೆದ. ಜಹೀರನನ್ನು ಕರೆದುಕೊಂಡು ಗುಡ್ಡದ ದಾರಿಯಲ್ಲಿ ಒಂದು ಸುತ್ತು ಹೋಗಿ, ಇಳಿಜಾರಿನಲ್ಲಿ ಅವನಿಂದಲೇ ಓಡಿಸಿದ. ಬೇರೆಯವನ ಕಾಲಿಗೂ ಬ್ರೇಕ್ ಮೊದಲ ತುಳಿತಕ್ಕೇ ಕೂತಿತು.

ಅಂದಾನೆಪ್ಪನ ಗಾಡಿಯಲ್ಲಿ ಹೆಂಡತಿ, ಮಗಳ ಜೊತೆ ವಿರೂಪಾಕ್ಷ ಬಂದ. ಮೆಹಬೂಬಸಾಬ ಕೀಲಿ ಕೊಟ್ಟ. ಸೋಮವಾರ ಕೆಲಸಕ್ಕೆ ಬರಬೇಕೋ ಬೇಡವೋ ಇವನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಫಿಯಾಟ್ ಕಟಕೋಳದ ರಸ್ತೆಗೆ ಹೊರಳಿ ಮರೆಯಾಗುವ ತನಕ ಮೆಹಬೂಬಸಾಬ ನೋಡುತ್ತ ನಿಂತ. ಹೊಟ್ಟೆಯ ಕಿಚ್ಚು ಆರಿರಲಿಲ್ಲ.