ಅಂಚು ಮಾತ್ರ ಹೆಣೆದ ತಿಂಗಳುಗಳು

ಓನರಮ್ಮನ ಎಡಗೈ ತೋರುಬೆರಳಿನ ಮೇಲೆ ಉಲ್ಲನ್ ನೂಲು ಹರಿದು ಹರಿದು ಬಿದ್ದ ಒಂದು ಗೀರಿತ್ತು. ಶುಕ್ರವಾರ ಅರಿಶಿನ ಹಚ್ಚಿಕೊಂಡು ಸ್ನಾನ ಮಾಡಿ ಬಂದರೆ, ಕೈಯೆಲ್ಲ ತೊಳೆದುಹೋಗಿ ಆ ಗೀರಿನಲ್ಲಿ ಮಾತ್ರ ಹಳದಿ ಉಳಿದಿರುತ್ತಿತ್ತು. ನೂಲಿನ ಉಂಡೆಯನ್ನು ಅವರು ಚೀಲದಲ್ಲಿ ಇಟ್ಟುಕೊಂಡವರಲ್ಲ. ಹಿತ್ತಾಳೆಯ ಗಿಂಡಿಯೊಳಗೆ ಹಾಕಿ, ತುದಿಯನ್ನು ಅದರ ಮೂತಿಯಿಂದ ಹೊರಗೆಳೆದುಕೊಂಡು ಹೆಣೆಯುತ್ತಿದ್ದರು. ಆ ಗಿಂಡಿಯನ್ನು ಸೊಂಟಕ್ಕೆ ಅವುಚಿಕೊಂಡು ಅಂಗಳದಲ್ಲಿ ಓಡಾಡುತ್ತಲೇ ಹಾಲಿನವನ ಜೊತೆ ಜಗಳವಾಡುವರು. ಬಾಯಿ ನಿಂತರೂ ಕಡ್ಡಿ ನಿಲ್ಲುತ್ತಿರಲಿಲ್ಲ.

ಮಕ್ಕಳೇ, ಇದು ನಿಮ್ಮಪ್ಪ ಹುಟ್ಟುವ ಮೊದಲಿನ ಮಾತು, ಎಪ್ಪತ್ತರ ದಶಕದ್ದು. ನಾವು ಆಗ ತುಮಕೂರಿನ ಶಿರಾ ಗೇಟ್ ಹತ್ತಿರ ಅವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ನಾನು ಕೊತ್ತಗೆರೆ ಕಡೆಯ ಹಳ್ಳಿಯವಳು, ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ನನ್ನ ಸಂಕೋಚ ನಿಮಗೆ ಗೊತ್ತೇ ಇದೆ. ನಲ್ಲಿಯಲ್ಲಿ ನೀರು ಬಂದರೆ, ಎಲ್ಲರೂ ಹಿಡಿದುಕೊಂಡು ಹೋಗಲಿ ಎಂದು ಬಾಗಿಲ ಹಿಂದೆ ನಿಂತು ಕಾಯುತ್ತಿದ್ದೆ. ಅಷ್ಟರಲ್ಲಿ ನೀರೇ ನಿಂತುಹೋಗುತ್ತಿತ್ತು. "ಬಾಗಿಲಿಗೂ ನಿಂಗೂ ಗಂಟು ಹಾಕಿದಾರೇನೇ?" ಎನ್ನುತ್ತಾ ಓನರಮ್ಮ ತಮ್ಮ ಹಂಡೆಯಿಂದಲೇ ನನ್ನ ಕೊಡಕ್ಕೆ ಮೊಗೆದು ಹಾಕುತ್ತಿದ್ದರು.

ಅದರ ಹಿಂದಿನ ವರ್ಷ ತವರಿನಲ್ಲಿ ನನಗೆ ಏಳು ತಿಂಗಳಿಗೇ ಹೆರಿಗೆಯಾಗಿ ಕೂಸು ಉಳಿದಿರಲಿಲ್ಲ. ಮತ್ತೆ ಬಸುರಿಯಾದಾಗ, ದೊಡ್ಡಾಸ್ಪತ್ರೆ ಹತ್ತಿರವಿರಲಿ, ಈ ಸಲ ಇಲ್ಲೇ ಇರು ಎಂದರು ನಿಮ್ಮ ತಾತ. ಅವರು ಕಚೇರಿಗೆ ಹೋದಮೇಲೆ ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಚಾಪೆಯ ಮೇಲೆ ಕೂತಿರುತ್ತಿದ್ದೆ. ಮಗು ಮಿಸುಕಿದರೂ ಭಯ, ಮಿಸುಕದಿದ್ದರೂ ಭಯ. ಒಲೆಯ ಮೇಲಿನ ಸಾರು ಸೀದ ವಾಸನೆ ಮುಂದಿನ ಮನೆಗೆ ಹೋಗುತ್ತಿತ್ತು.

ಹಾಗೆ ಸಾರು ಸೀದ ಒಂದು ದಿನ ಓನರಮ್ಮ ಗಿಂಡಿ ಸಮೇತ ಒಳಗೆ ಬಂದು ನನ್ನೆದುರು ಕೂತರು.

"ಕೈ ಕೊಡು ಇಲ್ಲಿ. ಹೆಣೆಯೋದು ಕಲಿ."

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಹುಟ್ಟುವ ಮುಂಚೆ ಮಗುವಿಗೆಂದು ಹೊಸದೇನನ್ನೂ ಮಾಡಬಾರದು ಎಂಬುದು ನಮ್ಮ ಕಡೆಯ ನೇಮ. ಹುಟ್ಟಿದ ಮೇಲೂ ಮೊದಲು ಸುತ್ತುವುದು ಒಗೆದು ಮೆತ್ತಗಾದ ಹಳೆಯ ಸೀರೆಯನ್ನೇ. ಹಿಂದಿನ ಸಲ ನಮ್ಮಮ್ಮ ಆಸೆಪಟ್ಟು ಪುಟ್ಟ ಅಂಗಿಯೊಂದನ್ನು ಹೊಲಿದಿಟ್ಟಿದ್ದರು. ಅದರಿಂದಲೇ ಹಾಗಾಯಿತು ಎಂದು ಅತ್ತೆ ಎಲ್ಲರೆದುರು ಅಂದಿದ್ದರು. ಹೇಗೋ ಧೈರ್ಯ ಮಾಡಿ ಇಷ್ಟನ್ನೂ ಓನರಮ್ಮನಿಗೆ ಹೇಳಿದೆ.

ಅವರು ನಗಲಿಲ್ಲ. ಗಿಂಡಿಯಿಂದ ನೂಲನ್ನು ಒಂದಿಷ್ಟು ಹೊರಗೆಳೆದರು. "ಸರಿ, ಬಟ್ಟೆ ಮಾಡ್ಬೇಡ. ಅಂಚು ಮಾಡು. ಎರಡು ಬೆರಳಗಲ ಅಂಚನ್ನ ಯಾರೂ ಬಟ್ಟೆ ಅನ್ನಲ್ಲ ಕಣೇ. ಮಾಡು, ನಂಗೆ ತೋರ್ಸು, ಬಿಚ್ಚು. ಮತ್ತೆ ಮಾಡು."

ಹೀಗೆ ಶುರುವಾಯಿತು ನನ್ನ ಪಾಠ. ಅವರು ಕಲಿಸಿದ್ದು ಎಲ್ಲರೂ ಹಾಕುವ ಅಂಚನ್ನಲ್ಲ. ಮಾಮೂಲಿಯಾಗಿ ಕಡ್ಡಿಗೆ ಕುಣಿಕೆ ಏರಿಸಿದರೆ ಬುಡದಲ್ಲಿ ಗಂಟು ಗಂಟಾದ ಬಿಗಿ ಗೆರೆ ಬರುತ್ತದೆ. ಓನರಮ್ಮನ ಯಜಮಾನರು ಮಿಲಿಟರಿಯಲ್ಲಿದ್ದಾಗ ಉತ್ತರದ ಕಡೆ ಪಕ್ಕದ ಮನೆಯ ಪಂಜಾಬಿ ಹೆಂಗಸು ಇವರಿಗೆ ಕೊಳವೆ ಅಂಚು ಹೇಳಿಕೊಟ್ಟಿದ್ದಳಂತೆ. ಅದಕ್ಕೆ ಮುಂದೊಂದು ಪದರ, ಹಿಂದೊಂದು ಪದರ, ನಡುವೆ ಟೊಳ್ಳು. ತುದಿಯಲ್ಲಿ ಗಂಟೇ ಇಲ್ಲದೆ ದುಂಡಗೆ ತಿರುಗಿಕೊಂಡಿರುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. "ಮಕ್ಕಳ ತಲೆ ಇರೋದೇ ಹಂಗೆ, ಇವತ್ತು ಒಂದಳತೆ, ನಾಳೆ ಒಂದಳತೆ. ಟೋಪಿ ಅಂಚು ಬಿಗಿಯಾದ್ರೆ ಹಣೆ ಮೇಲೆ ಬರೆ ಬೀಳುತ್ತೆ" ಎನ್ನುತ್ತಿದ್ದರು.

ಈ ಅಂಚಿಗೆ ಅವರಲ್ಲಿ ಮೂರು ದಾರಿಗಳಿದ್ದವು. ಮೊದಲನೆಯದರಲ್ಲಿ ಬೇರೆ ಬಣ್ಣದ ಹಳೇ ನೂಲಿನಿಂದ ಬೇಕಾದುದರಲ್ಲಿ ಅರ್ಧದಷ್ಟೇ ಕುಣಿಕೆ ಏರಿಸಿ, ಅಸಲು ನೂಲಿನಿಂದ ನಾಲ್ಕು ಸಾಲು ಹೆಣೆದು, ಆಮೇಲೆ ಬುಡದಲ್ಲಿ ಕಾಣುವ ಅಸಲು ಕುಣಿಕೆಗಳನ್ನು ಒಂದೊಂದಾಗಿ ಮೇಲಕ್ಕೆತ್ತಿ ನಡುನಡುವೆ ಸೇರಿಸಬೇಕು. ಕೊನೆಗೆ ಹಳೇ ನೂಲನ್ನು ಕತ್ತರಿಸಿ ತೆಗೆದರಾಯಿತು. ಎರಡನೆಯದೂ ಹಳೇ ನೂಲಿನದೇ, ಆದರೆ ಎತ್ತುವ ಕೆಲಸವಿಲ್ಲ. ಒಂದು ಕುಣಿಕೆ ಹೆಣೆದು, ಕಡ್ಡಿಗೆ ನೂಲನ್ನೊಮ್ಮೆ ಸುತ್ತಿಕೊಂಡು ಮುಂದಕ್ಕೆ ಹೋಗುವುದು. ಮೂರನೆಯದಕ್ಕೆ ಹಳೇ ನೂಲೇ ಬೇಡ. ಹೆಬ್ಬೆರಳಿಗೊಂದು ಎಳೆ, ತೋರುಬೆರಳಿಗೊಂದು ಎಳೆ ಹಿಡಿದು, ಕಡ್ಡಿಯನ್ನು ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ತೂರಿಸಿ ಗಂಟಿಲ್ಲದೆ ಕುಣಿಕೆ ಕೂರಿಸುವುದು. ಬೆರಳು ಸ್ವಲ್ಪ ಸಡಿಲವಾದರೆ ಸಾಲೆಲ್ಲ ಹುರುಳಿಬಳ್ಳಿಯ ಹಾಗೆ ಕಡ್ಡಿಗೆ ಸುತ್ತಿಕೊಳ್ಳುತ್ತಿತ್ತು. ಇದು ನನಗೆ ಬರುವಷ್ಟರಲ್ಲಿ ಅಳು ಬಂದಿತ್ತು.

ಪರೀಕ್ಷೆಗೆ ಅವರು ಇಟ್ಟುಕೊಂಡಿದ್ದದ್ದು ಒಂದು ಪೊರಕೆಕಡ್ಡಿ. ಅಂಚಿನ ಟೊಳ್ಳಿನೊಳಗೆ ಅದನ್ನು ತೂರಿಸುವರು. ಆ ಕಡೆ ಬಂದರೆ ಪಾಸು. ನಡುವೆ ಸಿಕ್ಕಿಕೊಂಡರೆ "ರಸ್ತೆ ಬಂದ್" ಎನ್ನುವರು. ಪಾಸಾದರೂ ಫೇಲಾದರೂ ಸಂಜೆಗೆ ಬಿಚ್ಚುವುದು ತಪ್ಪದು. ಯಜಮಾನರ ಹಳೆಯ ಮಫ್ಲರಿನ ನೂಲು ಅದು. ಬಿಚ್ಚಿ ಬಿಚ್ಚಿ ಒತ್ತು ಶಾವಿಗೆಯಂತೆ ಸುಕ್ಕಾಗಿತ್ತು. ಕುಣಿಕೆ ಎಣಿಸುವ ಹೊತ್ತಿನಲ್ಲಿ ಬೇರೆ ಯೋಚನೆ ಮಾಡಲು ಆಗುವುದಿಲ್ಲ. ಸಾರು ಸೀಯುವುದು ನಿಂತಿತು.

ಏಳನೆಯ ತಿಂಗಳು ಬಂದಾಗ ಗುಬ್ಬಿ ಹತ್ತಿರದ ಊರಿಂದ ಅತ್ತೆ ಬಂದರು. ಕಡ್ಡಿಯ ಮೇಲಿದ್ದ ಅಂಚು ನೇರವಾಗಿ ಅವರ ಕಣ್ಣಿಗೇ ಬಿತ್ತು.

"ಏನ್ಲೇ ಇದು? ಕೂಸಿಗಾ?"

ಓನರಮ್ಮ ಬಾಗಿಲಿಂದಲೇ, "ಅದು ನಂದು ಕಣ್ರೀ. ನಮ್ಮ ಯಜಮಾನ್ರ ಕಾಲ್ಚೀಲ. ಬಾಯಿ ಮಾತ್ರ ಹಾಕ್ಕೊಡು ಅಂದಿದ್ದೆ" ಎಂದರು.

ಅತ್ತೆ ಅಂಚನ್ನು ನೋಡಿದರು. ಜಗುಲಿಯಲ್ಲಿ ರೇಡಿಯೋ ಕೇಳುತ್ತಾ ಕಾಲು ಚಾಚಿಕೊಂಡಿದ್ದ ಯಜಮಾನರನ್ನೂ ನೋಡಿದರು. "ಆ ಪಾದಕ್ಕಾ ಇದು? ಹೆಬ್ಬೆಟ್ಟೂ ಹಿಡಿಯಾಕಿಲ್ಲ ಬುಡಿ."

"ಅದಕ್ಕೇ ಬಿಚ್ಚಿಸ್ತಾ ಇದೀನಿ" ಎಂದವರೇ ಓನರಮ್ಮ ಕಡ್ಡಿ ಎಳೆದು, ಸರ್ರನೆ ಬಿಚ್ಚಿ, ನೂಲನ್ನು ಗಿಂಡಿಗೆ ಸುತ್ತಿ ಹಾಕಿಬಿಟ್ಟರು.

ಅತ್ತೆ ನಾಲ್ಕು ದಿನ ಇದ್ದರು. ದಿನವೂ ನಾನು ಹೆಣೆಯುವುದನ್ನೂ ಬಿಚ್ಚುವುದನ್ನೂ ನೋಡಿದರು. ಹೊರಡುವಾಗ ಬಸ್ಸಿಗೆ ಹತ್ತುವ ಮುಂಚೆ ನನ್ನ ಕಿವಿಯ ಹತ್ತಿರ ಬಂದು, "ಕಾಲ್ಚೀಲನೋ ಇನ್ನೇನೋ, ಏನಾರ ಆಗ್ಲಿ, ದಿನಾ ಬಿಚ್ಚಿಬುಡು. ಮರೀಬ್ಯಾಡ ಕಣೇ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಭಯ ನನಗೊಬ್ಬಳಿಗೇ ಅಂದುಕೊಂಡಿದ್ದೆ.

ಏಳು ತಿಂಗಳು ದಾಟಿತು, ಎಂಟೂ ದಾಟಿತು. ದಿನ ತುಂಬಿ ದೊಡ್ಡಾಸ್ಪತ್ರೆಯಲ್ಲಿ ನಿಮ್ಮಪ್ಪ ಹುಟ್ಟಿದ. ಅವನ ದಪ್ಪ ತಲೆ ನೋಡಿ ನರ್ಸಮ್ಮನೇ ನಕ್ಕರು. ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ, ಟೋಪಿಗೆ ಉಲ್ಲನ್ ತರಲು ನಿಮ್ಮ ತಾತನನ್ನು ಅಂಗಡಿಗೆ ಕಳಿಸಿದೆವು. ಕೊಳೆ ಕಾಣಿಸುವುದಿಲ್ಲ ಎಂದು ಅವರು ಗಾಢ ಹಸಿರು ತಂದರು. "ಮಗೀಗೋ, ಜೀಪಿಗೋ?" ಎಂದರು ಬಾಣಂತನಕ್ಕೆ ಬಂದಿದ್ದ ಅತ್ತೆ.

ಮಗು ಮಲಗಿತ್ತು. ನಾನು ಮೂರನೆಯ ದಾರಿಯಲ್ಲಿ ಕುಣಿಕೆ ಏರಿಸಿದೆ. ಎರಡು ಬೆರಳಗಲ ಅಂಚಾಯಿತು. ಓನರಮ್ಮ ಪೊರಕೆಕಡ್ಡಿ ತೂರಿಸಿದರು, ಸಲೀಸಾಗಿ ಆ ಕಡೆ ಬಂತು. ನಾನು ಅದನ್ನು ಇಸಿದುಕೊಂಡು, ದಿನದ ಅಭ್ಯಾಸದಂತೆ, ಕಡ್ಡಿ ಎಳೆದು ಬಿಚ್ಚತೊಡಗಿದೆ.

ಓನರಮ್ಮ ನನ್ನ ಮಣಿಕಟ್ಟು ಹಿಡಿದರು.

"ಸಾಕು ಕಣೇ. ಇನ್ಮೇಲೆ ಬಿಚ್ಚೋ ಹಂಗಿಲ್ಲ. ಮಗು ಬಂದಾಯ್ತಲ್ಲ."

ನಾನು ತೊಟ್ಟಿಲ ಕಡೆ ನೋಡಿದೆ. ಆಸ್ಪತ್ರೆಯಲ್ಲಿ ಅಳದವಳು ಆವತ್ತು ಅತ್ತುಬಿಟ್ಟೆ. ಅತ್ತೆ ಅಡುಗೆಮನೆಯಿಂದ ಓಡಿ ಬಂದು ಏನಾಯಿತೆಂದು ಕೇಳಿದರೆ, "ಏನಿಲ್ಲ ಕಣ್ರೀ, ಜಾರಿದ ಕುಣಿಕೆ ಎತ್ಕೋತಾ ಇದಾಳೆ" ಎಂದರು ಓನರಮ್ಮ. ಜಾರಿದ್ದನ್ನೆಲ್ಲ ಅವರೇ ಎತ್ತಿಕೊಟ್ಟರು. ಆ ಟೋಪಿ ಎರಡು ಚಳಿಗಾಲ ಬಂತು. ಅಂಥ ತಲೆಗೂ ಒಂದು ದಿನವೂ ಬರೆ ಬೀಳಲಿಲ್ಲ.

ಎಂಬತ್ತರ ದಶಕದಲ್ಲಿ ನಿಮ್ಮ ತಾತನಿಗೆ ಗುಬ್ಬಿಗೆ ವರ್ಗವಾಯಿತು. ಮೊದಮೊದಲು ಓನರಮ್ಮ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು, ಆಮೇಲೆ ಕಾಲುನೋವು ಬಂದು ಅದೂ ನಿಂತುಹೋಯಿತು. ಒಂದು ಮಾಘದಲ್ಲಿ ಅವರು ಹೋದರೆಂದು ಸುದ್ದಿ ಬಂತು. ನಿಮ್ಮಪ್ಪನನ್ನು ಕರೆದುಕೊಂಡು ಹೋಗಿ ಮುಖ ನೋಡಿ ಬಂದೆ. ನನಗಾಗಿ ಇಷ್ಟು ಮಾಡಿದಿರಿ ಎಂದು ಅವರೆದುರು ನಾನು ಬಾಯಿಬಿಟ್ಟು ಹೇಳಿದವಳಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಒಂದು ವಿಷಯ ಹೊಳೆಯಿತು. ಅಷ್ಟು ತಿಂಗಳಲ್ಲಿ ಅವರು ಒಮ್ಮೆಯೂ ನನಗೆ ಹೆದರಬೇಡ ಎಂದು ಹೇಳಿರಲಿಲ್ಲ. ಹೇಳಿದ್ದರೆ ನಾನು ಹೂಂ ಎಂದು ತಲೆಯಾಡಿಸಿ, ಒಳಗೆ ಹೋಗಿ ಹೆದರಿಕೊಂಡೇ ಕೂರುತ್ತಿದ್ದೆ. ನಿಮ್ಮಪ್ಪ ಪಕ್ಕದಲ್ಲಿ ಕೂತವನು ತೂಕಡಿಸಿ ನನ್ನ ಮೇಲೆ ಒರಗಿದ. ಆ ತಲೆಯ ಭಾರಕ್ಕೆ ಭುಜ ಜೋಮು ಹಿಡಿಯಿತು. ಗುಬ್ಬಿ ಬರುವವರೆಗೂ ನಾನು ಅಲುಗಲಿಲ್ಲ.