ರಿವ್ಯೂ ಮಾವ
ದೇಶದ ಅತ್ಯುನ್ನತ ನ್ಯಾಯಾಲಯದ ಮೊಗಸಾಲೆಯಲ್ಲಿ ಅವರು ಎಲ್ಲರಿಗೂ ‘ರಿವ್ಯೂ ಮಾವ’. ಮಗನ ಜೀವಾವಧಿ ಶಿಕ್ಷೆ ಅಲ್ಲಿ ಖಾಯಂ ಆದಂದಿನಿಂದ, ತೀರ್ಪನ್ನು ಇನ್ನೊಮ್ಮೆ ನೋಡಿ ಎಂಬ ಅರ್ಜಿಯ ನಕಲನ್ನು ಹಸುಗೂಸಿನಂತೆ ಎದೆಗವಚಿಕೊಂಡೇ ಓಡಾಡುತ್ತಿದ್ದರು. ಮರುಪರಿಶೀಲನೆಯ ಹುಚ್ಚು ಎಷ್ಟೆಂದರೆ, ಕ್ಯಾಂಟೀನಿನ ಚಹಾ ಸಪ್ಪೆಯಾದರೂ “ಇನ್ನೊಂದ್ಸಲ ಪರಿಶೀಲಿಸಪ್ಪಾ” ಎಂದು ದಿನವೂ ಲೋಟ ಹಿಂದಿರುಗಿಸುತ್ತಿದ್ದರು. ಅದೇ ಕೆಟಲಿನಿಂದ ಅಷ್ಟೇ ಸಪ್ಪೆ ಚಹಾ ಮತ್ತೆ ಬರುತ್ತಿತ್ತು. “ತೀರ್ಪು ಕೊಟ್ಟೋರೇ ಮತ್ತೆ ನೋಡೋದು ಮಾವ, ಅದೂ ಬಾಗಿಲು ಹಾಕ್ಕೊಂಡು. ನಿಮ್ಮನ್ನ ಕರೆಯಲ್ಲ” ಎಂದು ಗುಮಾಸ್ತರು ಹೇಳಿದರೆ, “ಅಕಸ್ಮಾತ್ ಕರೆದ್ರೆ ಇರ್ಬೇಕಲ್ಲ” ಎಂದು ಇಸ್ತ್ರಿ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಅರ್ಜಿ ಒಂದೇ ಸಾಲಿನಲ್ಲಿ ವಜಾ ಆದ ದಿನವೂ ಅದೇ ಸಪ್ಪೆ ಚಹಾ ಬಂತು. ಮಾವ ಲೋಟ ಹಿಂದಿರುಗಿಸದೆ ಪೂರ್ತಿ ಕುಡಿದರು.